ಬಾವಲಿ ಮೇಷ್ಟ್ರ ಪ್ರಬಂಧ

ಚಲುವರಾಜುವನ್ನು ಕೆ.ಆರ್. ಪೇಟೆಯಲ್ಲಿ ಯಾರೂ ಕೆಟ್ಟವನು ಅನ್ನುತ್ತಿರಲಿಲ್ಲ. ಅನ್ನಿಸಿಕೊಳ್ಳುವಂಥದ್ದನ್ನು ಅವನು ಮಾಡಿರಲೂ ಇಲ್ಲ ಬಿಡಿ. ನಾಗಮಂಗಲದ ಕಡೆಯವನು, ಇಲ್ಲಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಸಂತೆಗೆ ಹೋದರೆ ತರಕಾರಿ ಮರೆತು ಮೀನಿನ ಬುಟ್ಟಿಗೆ ಬಗ್ಗಿ ನಿಲ್ಲುವ ಆಸಾಮಿ. ಅವನಿಗಿದ್ದದ್ದು ಒಂದೇ ಕೊರಗು. ನಲವತ್ತು ದಾಟಿದರೂ ಅವನ ಹೆಸರಿನಲ್ಲಿ ಒಂದೇ ಒಂದು ಸಂಶೋಧನಾ ಪ್ರಬಂಧ ಅಚ್ಚಾಗಿರಲಿಲ್ಲ. ಜೊತೆಯಲ್ಲಿ ಓದಿದವರು ಮೈಸೂರಿನಲ್ಲಿ ಪ್ರೊಫೆಸರುಗಳಾಗಿದ್ದರು. ಸೆಮಿನಾರಿನಲ್ಲಿ ಸಿಕ್ಕಾಗ “ಏನ್ರೀ ಚಲುವರಾಜು, ಇನ್ನೂ ಹುಡುಗರ ಕೈಲಿ ಕಪ್ಪೆ ಕುಯ್ಯಿಸ್ತಾನೇ ಇದ್ದೀರಾ?” ಎಂದು ನಗುವರು. ಇವನೂ ಹಲ್ಲು ಬಿಡುವನು. ಆಮೇಲೆ ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ.

ಅವನ ದೊಡ್ಡಮ್ಮ ದೊಡ್ಡತಾಯಮ್ಮನ ಊರು ಆಲದಕೊಪ್ಪಲು. ಮಾಕವಳ್ಳಿ ರಸ್ತೆಯಲ್ಲಿ ಬಸ್ಸಿಳಿದು ಕಬ್ಬಿನ ಗದ್ದೆಗಳ ನಡುವೆ ಒಳಗೆ ನಡೆಯಬೇಕು. ಅಲ್ಲಿನ ಕೆರೆ ಏರಿಯ ಮೇಲೆ ಒಂದು ಮುದಿ ಆಲದ ಮರ, ಮರದ ತುಂಬ ಬಾವಲಿ. ಊರಿನವರಿಗೆ ಅವು ಮಾರಮ್ಮನ ಮಕ್ಕಳು. ಅವು ಬೆದರುತ್ತವೆಂದು ದೀಪಾವಳಿಗೂ ಆ ಊರಲ್ಲಿ ಪಟಾಕಿ ಹೊಡೆಯುವುದಿಲ್ಲ. ಬಾವಲಿ ಸತ್ತು ಬಿದ್ದರೆ ಅರಿಶಿನ ಕುಂಕುಮ ಇಟ್ಟು ಮರದ ಬುಡದಲ್ಲೇ ಮಣ್ಣು ಮಾಡುತ್ತಾರೆ. ಸರ್ಕಾರದ ಕಾನೂನಿನಲ್ಲಿ ಮಾತ್ರ ಆಗ ಬಾವಲಿ ಇಲಿ, ಕಾಗೆಗಳ ಸಾಲಿನಲ್ಲಿತ್ತು, ಕೊಂದರೆ ಕೇಳುವವರಿರಲಿಲ್ಲ.

ಈ ಬಾವಲಿಗಳ ಮೇಲೆಯೇ ಪ್ರಬಂಧ ಬರೆಯಬೇಕೆಂದು ಚಲುವರಾಜು ದುರ್ಬೀನು ಹಿಡಿದು ಮರದ ಕೆಳಗೆ ಕೂತ. ಜನ ಗುರಾಯಿಸಿದರು. ಆಗ ದೊಡ್ಡತಾಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. “ನನ್ ತಂಗಿ ಮಗ ಕಣ್ರಲಾ. ನೋಡ್ಕಂಡು ಬರ್ಕತಾನೆ ಅಷ್ಟೆ. ಒಂದು ರೆಕ್ಕೆನೂ ಮುಟ್ಟಾಕಿಲ್ಲ, ಅದ್ಕೆ ನಾನು ಜವಾಬ್ದಾರಿ.” ಆ ಊರಲ್ಲಿ ಅವಳ ಮಾತೆಂದರೆ ಮಾತು.

ಎರಡು ವರ್ಷ ನೋಡಿ ನೋಡಿ ಬರೆದು ಕಳಿಸಿದ ಪ್ರಬಂಧ ವಾಪಸು ಬಂತು. ಪ್ರಾಣಿಯನ್ನು ಹಿಡಿದು, ಕೆಡದಂತೆ ಜಾಡಿಯಲ್ಲಿ ಇಟ್ಟಿದ್ದರೆ ಮಾತ್ರ ಅದು ಯಾವ ಜಾತಿಯದೆಂದು ಒಪ್ಪಬಹುದು, ಬರೀ ನೋಡಿದ್ದು ಸಾಲದು ಎಂದು ಸಂಶೋಧನಾ ಪತ್ರಿಕೆಯವರು ತಿಳಿಸಿದ್ದರು. ತನ್ನಿಂದಾಗದು ಎಂದು ಅವನು ಸುಮ್ಮನಾಗಿದ್ದರೆ ಮುಗಿಯುತ್ತಿತ್ತು. ಹಾಳು ಆಸೆ, ಬಿಡಬೇಕಲ್ಲ! ತೊಂಬತ್ನಾಲ್ಕರ ಬೇಸಿಗೆಯ ಒಂದು ಮುಚ್ಚಂಜೆ, ಕೆರೆಯಾಚೆಯ ಸಪೋಟ ತೋಟದ ಬೇಲಿಗೆ ಬಲೆ ಕಟ್ಟಿದ. ಹಣ್ಣಿಗೆಂದು ತಗ್ಗಿ ಹಾರಿಬಂದ ಎರಡು ಬಾವಲಿ ಸಿಕ್ಕಿಬಿದ್ದವು. ಗಾಬರಿಯಲ್ಲಿ ಬಲೆ ಎಳೆದಾಗ ಒಂದು ಚೂರು ಹರಿದು ಮುಳ್ಳಿನಲ್ಲೇ ಉಳಿಯಿತು. ಕೊಂದು ಕಾಲೇಜಿನ ಮೇಜಿನ ಮೇಲೆ ಮಲಗಿಸಿದ ಮೇಲೆಯೇ ಅವನು ಸರಿಯಾಗಿ ನೋಡಿದ್ದು. ಎರಡೂ ಹೆಣ್ಣು, ಎರಡರ ಮೊಲೆಯಲ್ಲೂ ಹಾಲು. ಮರಿಯನ್ನು ಮರದಲ್ಲಿ ಬಿಟ್ಟು ತಾಯಿ ಮೇವಿಗೆ ಹೋಗುತ್ತದೆಂದು ತರಗತಿಯಲ್ಲಿ ಪಾಠ ಮಾಡಿದವನೇ ಅವನು.

ಮರಿಗಳು ಮರದಿಂದ ಬಿದ್ದವು. ಊರು ಮಾರಮ್ಮನ ಗುಡಿಯ ಕಟ್ಟೆಗೆ ಸೇರಿತು. ಬೇಲಿಯಲ್ಲಿ ಸಿಕ್ಕಿದ್ದ ಬಲೆಯ ಚೂರು ಎಲ್ಲರ ಕೈಯಲ್ಲಿ ಓಡಾಡಿತು. ಆ ತೋಟವನ್ನು ಗುತ್ತಿಗೆಗೆ ಹಿಡಿದಿದ್ದವನು ಪೇಟೆಯ ಶಹಾಬುದ್ದೀನ್.

“ಅಲ್ಲಾ ಕಸಂ, ನಾನು ಡಬ್ಬ ಬಡಿದು ಓಡಿಸ್ತೀನಿ, ಅಷ್ಟೇ ಅಮ್ಮಾ. ಬಲೆ ನಂದಲ್ಲ” ಎಂದು ಅವನು ಅಂಗಲಾಚಿದ.

ಓದಿದವನು ಹೇಳಲಿ ಎಂದು ದೊಡ್ಡತಾಯಮ್ಮ ಚಲುವರಾಜುವಿಗೆ ಹೇಳಿಕಳಿಸಿದ್ದಳು. “ನೀನೇ ನೋಡಪ್ಪ, ಎಂಗ್ ಸತ್ತವೆ ಇವು?”

ಚಲುವರಾಜು ಬಗ್ಗಿ ಮರಿಗಳನ್ನು ನೋಡಿದ. “ತಾಯಿ ಬಲೆಗೆ ಸಿಕ್ಕಿರಬೇಕು ದೊಡ್ಡವ್ವ. ಮರಿಗಳು ಹಸಿದು ಬಿದ್ದಿವೆ” ಎಂದ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಷ್ಟಕ್ಕೇ ಬಾಯಿ ಮುಚ್ಚಿದನಲ್ಲ, ಅದೇ ಅನ್ಯಾಯ. ದೊಡ್ಡತಾಯಮ್ಮ ಎದ್ದು ಶಹಾಬುದ್ದೀನನಿಗೆ “ಹೊಂಟೋಗು. ಇನ್ಮೇಲೆ ಈ ಊರ ಕಡೆ ತಲೆ ಹಾಕ್ಬೇಡ” ಎಂದಳು. ಸುದ್ದಿ ಹಬ್ಬಿ, ಸುತ್ತಿನ ಊರುಗಳಲ್ಲೂ ಯಾರೂ ಅವನಿಗೆ ತೋಟ ಕೊಡದಾದರು. ಅವನು ಬಸ್‌ ಸ್ಟ್ಯಾಂಡಿನ ಮುಂದೆ ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರತೊಡಗಿದ. ಚಲುವರಾಜು ಆ ದಾರಿ ಬಿಟ್ಟು ಹಿಂದಿನ ಬೀದಿಯಲ್ಲಿ ಓಡಾಡತೊಡಗಿದ.

ವಿಚಿತ್ರ ನೋಡಿ, ಕಟ್ಟೆಯ ಮೇಲೆ ನುಂಗಿಕೊಂಡದ್ದನ್ನು ಇದೇ ಮನುಷ್ಯ ಬಾವಲಿಗಳನ್ನಿಟ್ಟ ಜಾಡಿಯ ಚೀಟಿಯಲ್ಲಿ ನುಂಗಲಾರದೆ ಹೋದ. ತಾರೀಖು, ಊರು, ತೋಟದ ಬೇಲಿಯಲ್ಲಿ ಬಲೆಯಿಂದ ಹಿಡಿದದ್ದು, ಹಾಲೂಡಿಸುತ್ತಿದ್ದ ಹೆಣ್ಣುಗಳು, ಹಿಡಿದವರು ಚಲುವರಾಜು ಎಂದು ದುಂಡಗೆ ಬರೆದ. ಅವನ ವಿದ್ಯೆಯಲ್ಲಿ ಚೀಟಿ ಸುಳ್ಳಾದರೆ ಎಲ್ಲವೂ ಸುಳ್ಳು. ತೊಂಬತ್ತಾರರಲ್ಲಿ ಪ್ರಬಂಧ ಅಚ್ಚಾದಾಗ ಅದೆಲ್ಲ ಇಂಗ್ಲಿಷಿನಲ್ಲಿ ಹಾಗೆಯೇ ಬಂತು. ಕಾಲೇಜಿನಲ್ಲಿ ಹಾರ ಹಾಕಿದರು. ಹಾರದ ಕೆಳಗೆ ಅವನ ಕತ್ತು ಬಗ್ಗಿಯೇ ಇತ್ತು. ಎಷ್ಟು ವಿನಯ ಎಂದರು ಜನ.

ಒಂದು ಮಧ್ಯಾಹ್ನ ಶಹಾಬುದ್ದೀನ್ ಕಾಲೇಜಿಗೇ ಬಂದ. ಕೈಯಲ್ಲಿ ಆ ಪ್ರಬಂಧದ ಪ್ರತಿ.

“ನಮಸ್ಕಾರ ಸಾರ್. ನನ್ ಮಗಳು ಆತಿಯಾ ಈ ವರ್ಷ ಇಲ್ಲೇ ಬಿಎಸ್ಸಿ ಸೇರವ್ಳೆ. ಲೈಬ್ರರೀಲಿ ಇದ್ರ ಹೆಸ್ರು ನೋಡ್ಬುಟ್ಟು, ‘ಅಬ್ಬಾ, ನಮ್ ಸಾರ್ ಬಾವ್ಲಿ ಬಗ್ಗೆ ಬರೆದವ್ರೆ’ ಅಂತ ಒಂದು ಪ್ರತಿ ಮಾಡಿಸ್ಕ ಬಂದ್ಲು. ಇನ್ನೂ ಓದಿಲ್ಲ, ಇಂಗ್ಲಿಷು ಕಷ್ಟ ಅಂತಾಳೆ. ನನಗೂ ಬರಾಕಿಲ್ಲ. ಆದ್ರೆ ಬಾವ್ಲಿ ವಿಷಯ ನಿಮ್ಮಷ್ಟು ತಿಳಿದೋರು ಯಾರವ್ರೆ? ಒಂದ್ಸಲ ನನ್ ಜೊತೆ ಬಂದು ಆ ಊರೋರ್ಗೆ ಹೇಳಿ ಸಾರ್, ಈ ಶಹಾಬುದ್ದೀನ್ ಅಂಥೋನಲ್ಲ ಅಂತ. ನಿಮ್ ಮಾತು ಅವ್ರು ಕೇಳ್ತಾರೆ.”

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಚಲುವರಾಜುವಿಗೆ. ಆಗಲಿ ಎಂದ. ಬಸ್ಸಿನಲ್ಲಿ ಹೇಳಿಬಿಡೋಣ ಅಂದುಕೊಂಡ. ಶಹಾಬುದ್ದೀನ್ ಕಿಟಕಿಯ ಪಕ್ಕ ಅವನನ್ನು ಕೂರಿಸಿ, ದಾರಿಯುದ್ದಕ್ಕೂ ಮಗಳ ಓದಿನ ಸುದ್ದಿ ಹೇಳಿದ. ಚಲುವರಾಜು ಕಿಟಕಿಯಾಚೆ ನೋಡುತ್ತ ಹೂಂಗುಟ್ಟುತ್ತಲೇ ಇದ್ದ.

ಅದೇ ಕಟ್ಟೆ, ಅದೇ ಜನ. ದೊಡ್ಡತಾಯಮ್ಮ ಹುಬ್ಬು ಗಂಟಿಕ್ಕಿ ಕೂತಿದ್ದಳು. ಚಲುವರಾಜು ಪ್ರಬಂಧ ಬಿಚ್ಚಿದ. ಆ ಒಂದು ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಹೇಳಿದ. ಬಲೆ ಕಟ್ಟಿದ್ದು, ಹಿಡಿದದ್ದು, ಕೊಂದದ್ದು, ಎಲ್ಲ. “ಶಹಾಬುದ್ದೀನ್ ಅಲ್ಲ ದೊಡ್ಡವ್ವ. ನಾನು.”

ದೊಡ್ಡತಾಯಮ್ಮ ಮೆಲ್ಲಗೆ ಕಟ್ಟೆ ಇಳಿದು, ಶಹಾಬುದ್ದೀನನ ಮುಂದೆ ಬಂದು ಕೈ ಮುಗಿದಳು. ಜನ್ಮದಲ್ಲಿ ಅವಳು ಮನುಷ್ಯರಿಗೆ ಹಾಗೆ ಕೈ ಮುಗಿದದ್ದನ್ನು ಊರು ಕಂಡಿರಲಿಲ್ಲ. “ತಪ್ಪಾಗೋಯ್ತು ಕಣಪ್ಪ. ನಾನೇ ನಿನ್ನ ಓಡಿಸ್ದೆ. ನಡಿ, ಒಂದ್ ತುತ್ತು ಉಣ್ಣೀವಂತೆ.”

ಶಹಾಬುದ್ದೀನ್ ಬೇಡ ಎಂದು ತಲೆಯಾಡಿಸಿದ. ಅವಳು ಚಲುವರಾಜುವಿನ ಕಡೆ ತಿರುಗಿದಳು.

“ನೀನು ಬಾವ್ಲಿ ಕೊಂದೆ, ಓಗ್ಲಿ, ಮಾರಮ್ಮ ನೋಡ್ಕತಾಳೆ. ಆದ್ರೆ ಇನ್ನೊಂದು ಪಾಪನ ನನ್ ಕೈಲಿ ಮಾಡಿಸ್ದಲ್ಲೋ. ನಿನ್ ನಂಬಿ ನಾನು ಈ ಮನ್ಸನ ಬಾಳು ತೆಗ್ದೆ. ಈಗ ನಾನು ಯಾರ್ ಮುಂದೆ ತಲೆ ಎತ್ಲಿ?” ಎಂದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಟುಹೋದಳು. ಹಿಂದೆ ತಿರುಗಿ ನೋಡಲಿಲ್ಲ.

ಇಬ್ಬರೂ ರಸ್ತೆಗೆ ಬಂದರು. ಕಬ್ಬಿನ ಗಾಡಿಗಳು ಒಂದರ ಹಿಂದೊಂದು ಸಕ್ಕರೆ ಫ್ಯಾಕ್ಟರಿಯ ಕಡೆ ಹೋಗುತ್ತಿದ್ದವು. ಬಸ್ಸು ಬಂತು. ಶಹಾಬುದ್ದೀನ್ ಹತ್ತಿ ಕೂತು, ಪಕ್ಕದ ಜಾಗವನ್ನು ಕೈಯಿಂದ ಒರೆಸಿದ, ಅಭ್ಯಾಸ ಬಲದಿಂದಲೋ ಏನೋ. ಚಲುವರಾಜು ಕಂಬಿ ಹಿಡಿದು ನಿಂತೇ ಇದ್ದ.

“ಕೂತ್ಕಳಿ ಸಾರ್” ಎಂದ ಶಹಾಬುದ್ದೀನ್, ಸಿಟ್ಟಿಲ್ಲದೆ. ಆಮೇಲೆ ಕೇಳಿದ. “ಮನೇಲಿ ಆತಿಯಾ ಕಾಯ್ತಾ ಇರ್ತಾಳೆ. ನಮ್ ಸಾರ್ ಏನ್ ಹೇಳಿದ್ರು ಅಬ್ಬಾ ಅಂತಾಳೆ. ನಿಮ್ಮಂಗೇ ಆಯ್ತೀನಿ ಅಂತ ಓದ್ತಾವ್ಳೆ ಆ ಹುಡ್ಗಿ. ಅವ್ಳಿಗೆ ನಾನು ಏನಂತ ಹೇಳ್ಲಿ ಸಾರ್?”