ಯಾರದೋ ಮನೆಯ ಕಾರು

ಪತ್ರೊಡೆಗೆಂದು ಕೆಸುವಿನ ಎಲೆಯ ಬೆನ್ನಿಗೆ ಹಿಟ್ಟು ಸವರುತ್ತ ಕುಳಿತಿದ್ದೆ. ಈ ಕೆಲಸಕ್ಕೆ ಕುಳಿತವಳನ್ನು ಫೋನು ಕರೆಯಬಾರದು. ಎರಡೂ ಕೈ ಹಿಟ್ಟಾಗಿರುತ್ತದೆ. ಅದು ಬಿಡದೆ ಹೊಡೆದುಕೊಂಡಾಗ ಕಿರುಬೆರಳಿನಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ. ಬೇಗಾರಿನಿಂದ ಅಕ್ಕ. ಗುಡ್ಡ ಹತ್ತಿದ ಏದುಸಿರು.

“ಕಾರು ಬಾಗ್ಲು ಹಾಕ್ಕಂಡ್ ಬಿಡ್ತು ಕಣೇ! ಚಿಕ್ಕಮ್ಮನ ಕನ್ನಡಕ ಒಳಗೇ ಇದೆ!”

ಇಷ್ಟೇ ಹೇಳಿದರೆ ನಿಮಗೆ ಏನೂ ತಿಳಿಯದು, ಮೊದಲಿನಿಂದ ಹೇಳುತ್ತೇನೆ. ಬೇಗಾರಿನ ಚಿಕ್ಕಮ್ಮ ಅಕ್ಕನನ್ನೂ ನನ್ನನ್ನೂ ಸಾಕಿದವರು. ಅವರ ಒಂದು ಕಣ್ಣು ಹೋಗಿ ಬಹಳ ಕಾಲವಾಯಿತು. ಇನ್ನೊಂದಕ್ಕೆ ಮರುದಿನ ಮಂಗಳೂರಿನಲ್ಲಿ ಆಪರೇಷನ್ನು. “ಇದ್ದಷ್ಟನ್ನು ಉಳಿಸಿಕೊಳ್ಳಲು ನೋಡುತ್ತೇವೆ, ಮಾತು ಕೊಡಲಾರೆವು” ಎಂದಿದ್ದರು ಡಾಕ್ಟರು. ಚಿಕ್ಕಮ್ಮ ಕೇಳಿದ್ದು ಒಂದೇ. ಅದಕ್ಕೆ ಮುಂಚೆ ಶೃಂಗೇರಿಗೆ ಹೋಗಿ ಶಾರದಮ್ಮನ ಮುಖವನ್ನು ದೀಪದ ಬೆಳಕಿನಲ್ಲಿ ಒಮ್ಮೆ ನೋಡಬೇಕು. ಅದಕ್ಕೆಂದೇ ಅಕ್ಕ, ಭಾವ ಹುಬ್ಬಳ್ಳಿಯಿಂದ ಶಿವಮೊಗ್ಗಕ್ಕೆ ರೈಲಿನಲ್ಲಿ ಬಂದು, ಅಲ್ಲಿ ಕಾರು ಹಿಡಿದಿದ್ದರು.

ಹಿಡಿದ ಬಗೆ ಕೇಳಿ ನಾನು ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದೆ. ಬಾಡಿಗೆ ಕಾರಿನ ಕಂಪನಿಯಿಂದಲ್ಲ, ಟ್ಯಾಕ್ಸಿಯೂ ಅಲ್ಲ. ಶಿವಮೊಗ್ಗದ ಯಾವುದೋ ಬೀದಿಯಲ್ಲಿ ಯಾರದೋ ಮನೆಯ ಕಾಂಪೌಂಡಿನ ಪಕ್ಕ ನಿಂತಿದ್ದ ಅವರ ಸ್ವಂತ ಕಾರು, ಫೋನಿನ ಆ್ಯಪಿನಲ್ಲಿ ದಿನದ ಲೆಕ್ಕಕ್ಕೆ ಬಾಡಿಗೆಗೆ ಬಿಟ್ಟದ್ದು. ಮನೆಯವರು ಹೊರಗೆ ಬರಲೂ ಇಲ್ಲ. ಫೋನು ಒತ್ತಿದರೆ ಬಾಗಿಲು ತೆರೆಯಿತಂತೆ, ಕೀಲಿ ಒಳಗೇ ಇತ್ತಂತೆ. “ಕಳ್ಳತನ ಮಾಡ್ದಂಗೇ ಆಯ್ತು ಮಾರಾಯ್ತಿ, ಒಪ್ಪಿಗೆ ಇತ್ತು ಅಷ್ಟೇ” ಎಂದಳು ಅಕ್ಕ. ನನಗೆ ರೋಮಾಂಚನವಾಯಿತು. ಇಲಿಯನ್ನು ಗಣಪತಿ ಯಾರಿಗೂ ಬಿಟ್ಟುಕೊಟ್ಟದ್ದು ನಾನಂತೂ ಕೇಳಿಲ್ಲ. ಶಿವಮೊಗ್ಗದ ಹೆಂಗಸೊಬ್ಬಳು ಕಂಡರಿಯದವರಿಗೆ ತನ್ನ ವಾಹನ ಬಿಟ್ಟುಕೊಟ್ಟು ಒಳಗೆ ಒಗ್ಗರಣೆ ಹಾಕಿಕೊಂಡಿದ್ದಾಳೆ!

ಹಿಂದಿನ ಸಂಜೆ ಅವರು ಕೊಪ್ಪದ ನಮ್ಮ ಮನೆಯಲ್ಲಿ ಉಳಿದಾಗ, ಆ ಕಾರಿನಲ್ಲಿ ಸುಮ್ಮನೆ ಕುಳಿತು ನೋಡಿದ್ದೆ. ಸೀಟಿನ ಸಂದಿಯಲ್ಲಿ ಮಗುವಿನ ಕ್ಲಿಪ್ಪು, ಕೆಳಗೆ ಒಂದು ಕೊಡೆ, ಸ್ಟೀರಿಂಗಿನ ನಡುವೆ ಆಯುಧಪೂಜೆಯ ಕುಂಕುಮದ ಮಾಸಲು ಬೊಟ್ಟು. ಕಂಪನಿಯ ಕಾರು ಲಾಡ್ಜಿನ ಕೋಣೆಯಿದ್ದಂತೆ. ಚೊಕ್ಕಟವಾಗಿರುತ್ತದೆ, ಆದರೆ ಯಾರದೂ ಅಲ್ಲ. ಟ್ಯಾಕ್ಸಿಯಾದರೆ ಜೊತೆಗೆ ಡ್ರೈವರು. ದೇವರೆದುರು ಕೈ ಮುಗಿದು ನಿಂತಾಗಲೂ, ಪಾಪ ಅವನ ಊಟ ಆಯಿತೋ ಇಲ್ಲವೋ ಎಂದು ಅರ್ಧ ಮನಸ್ಸು ಹೊರಗೆ. ಇದು ಹಾಗಲ್ಲ. ಮನೆಯವರಿಲ್ಲದಾಗ ಅವರ ಅಡುಗೆಮನೆಗೆ ಕಾಲಿಟ್ಟಂತೆ. ಸೆರಗಿನಿಂದ ಸೀಟು ಒರೆಸಿ ಇಳಿದಿದ್ದೆ.

ಈಗ ಆ ಕಾರು ಚಿಕ್ಕಮ್ಮನ ಅಂಗಳದಲ್ಲಿ ಬಾಗಿಲು ಹಾಕಿಕೊಂಡು ನಿಂತಿತ್ತು. ಆದದ್ದು ಇಷ್ಟು. ಮನೆಯೊಳಗೆ ಚಿಕ್ಕಮ್ಮನಿಗೆ ಕನ್ನಡಕ ಬೇಡ. ಕಂಬ, ಹೊಸಿಲು ಎಲ್ಲ ಕೈಕಾಲಿಗೇ ಗೊತ್ತು. ಹಾಗಾಗಿ ಅದು ಚೀಲದ ಜೊತೆ ಮೊದಲೇ ಕಾರು ಸೇರಿತ್ತು. ಹೊರಡುವ ಮುಂಚೆ ಇನ್ನೊಂದು ಲೋಟ ಕಾಫಿ ಎಂದು ಎಲ್ಲರೂ ಒಳಗೆ ಹೋದರು. ಬಾಗಿಲು ಹೇಗೂ ಫೋನಿಗೆ ತೆರೆಯುತ್ತದಲ್ಲ ಎಂದು ಭಾವ ಕೀಲಿಯನ್ನು ಒಳಗೇ ಬಿಟ್ಟು ಲಾಕ್ ಒತ್ತಿ ಬಾಗಿಲು ಎಳೆದುಕೊಂಡರು. ಬೇಗಾರಿನ ಆ ತಗ್ಗಿನಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಫೋನನ್ನು ಗುಡ್ಡ ಹತ್ತಿಸಿದರು, ಫೋನಿಗೆ ಜೀವ ಬಂತು. ಆದರೆ ಕಾರೂ ಗುಡ್ಡ ಹತ್ತಬೇಕಲ್ಲ! ಆ್ಯಪಿನ ಸಹಾಯವಾಣಿಯವರು ಒಂದು ಒತ್ತಿ, ಎರಡು ಒತ್ತಿ ಎಂದು ಹಾಡು ಕೇಳಿಸಿ, ಕೊನೆಗೆ ದೊರೆತು, “ಕಾರನ್ನು ನೆಟ್‌ವರ್ಕ್ ಇರುವಲ್ಲಿಗೆ ತನ್ನಿ” ಎಂದರಂತೆ.

ಭಾವನಿಗೆ ರೇಗಿತು. ಗುಂಡುಕಲ್ಲು ಹುಡುಕಿ ತಂದರು.

“ಕಂಪನಿ ಕಾರಾಗಿದ್ರೆ ಇಷ್ಟೊತ್ತಿಗೆ ಒಡೆದಾಗಿರ್ತಿತ್ತು” ಎಂದರು.

ಚಿಕ್ಕಮ್ಮ ಗಾಜಿಗೆ ಮೂಗು ಒತ್ತಿ ನಿಂತಿದ್ದರು. ಕನ್ನಡಕ ಅಲ್ಲೇ ಇದೆ ಎಂದು ಗೊತ್ತು, ಕಾಣುತ್ತಿಲ್ಲ. “ಕಲ್ಲು ಕೆಳಗಿಡು ಮಾಣಿ. ಯಾರದ್ದೋ ಮನೆ ವಸ್ತು ಒಡ್ದು ದೇವ್ರನ್ನ ನೋಡದಾ? ಎಂತ ಮುಖ ಇಟ್ಕಂಡು ನಿಲ್ಲಲಿ?” ಭಾವನಿಗೆ ಮೊಮ್ಮಕ್ಕಳಿದ್ದಾರೆ, ಚಿಕ್ಕಮ್ಮನಿಗೆ ಇನ್ನೂ ಮಾಣಿಯೇ.

ಆಟೋದಲ್ಲಿ ಶೃಂಗೇರಿಗೆ ಹೋಗಬಹುದಿತ್ತು, ದೂರವಲ್ಲ. ಆದರೆ ಕನ್ನಡಕವಿಲ್ಲದೆ ಹೋಗಿ ನೋಡುವುದೇನನ್ನು? ಅಕ್ಕ ಗುಡ್ಡದ ಮೇಲಿಂದಲೇ ಕಾರಿನೊಡತಿಗೆ ಫೋನು ಮಾಡಿದಳು. ಬೈಗುಳಕ್ಕೆ ತಯಾರಾಗಿಯೇ ಇದ್ದಳು. ಆಕೆ ಎಲ್ಲ ಕೇಳಿ, “ಅಜ್ಜಿಗೆ ಕಷ್ಟ ಆಗೋದಾದ್ರೆ ಗಾಜು ಒಡೀರಿ ಅಮ್ಮ, ಪರವಾಗಿಲ್ಲ” ಎಂದಳಂತೆ. ಮತ್ತೆ ಅವಳೇ, “ತಡೀರಿ, ಇನ್ನೊಂದು ಕೀಲಿ ಮನೇಲಿದೆ. ಬಸ್ಸಿಗೆ ಕೊಟ್ಟು ಕಳಿಸ್ಲಾ?” ಎಂದಳು.

ಬಸ್ಸಿಗೆ ಕೊಡುವುದು! ಫೋನಿಗೆ ಬಾಗಿಲು ತೆರೆಯುವ ಕಾರಿನ ಕೀಲಿ ಡ್ರೈವರಿನ ಪಕ್ಕ ಕುಳಿತು ಬರುವುದು. ನಮ್ಮ ಕಡೆ ಔಷಧಿ, ಜಾತಕ, ಪಂಪ್‌ಸೆಟ್ಟಿನ ಬಿಡಿಭಾಗ, ಮದುವೆಯ ಮಲ್ಲಿಗೆ ದಂಡೆ, ಎಲ್ಲ ಹೀಗೇ ಬರುತ್ತವೆ. ಕೊಡುವವರು ಯಾರೋ, ತರುವವರು ಯಾರೋ. ಹೊಸ ಕಾಲದವರು ಈಗ ಕಂಡುಹಿಡಿದ ನಂಬಿಕೆಯ ವ್ಯವಹಾರ ನಮ್ಮ ಬಸ್ಸಿನ ಇಂಜಿನ್ನಿನ ಮೇಲೆ ಎಷ್ಟು ಕಾಲದಿಂದ ಕುಳಿತು ಓಡಾಡುತ್ತಿದೆಯೋ!

“ಬಸ್ಸು ಕೊಪ್ಪಕ್ಕೆ ಬಂದಾಗ ಕೀಲಿ ಇಸ್ಕಂಡು ನೀನೇ ತಂದ್ಬಿಡೇ” ಎಂದಳು ಅಕ್ಕ. ಕೈ ತೊಳೆದುಕೊಂಡು, ಬಸ್ಸು ಬರುವ ಹೊತ್ತಿಗೆ ಕೊಪ್ಪದ ಸ್ಟ್ಯಾಂಡಿಗೆ ಓಡಿದೆ. ಶಿವಮೊಗ್ಗದ ಬಸ್ಸು ಬಂದು ನಿಂತದ್ದೇ ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ ಕೂಗಿದ, “ಅಜ್ಜಿ ಕನ್ನಡಕದ ಕೀಲಿ ಯಾರದು?” ನಾನು ಕೈ ಎತ್ತಿದೆ. ಕರ್ಚೀಫಿನಲ್ಲಿ ಗಂಟು ಕಟ್ಟಿದ ಕೀಲಿ ಕೈಗೆ ಬಿತ್ತು. “ಬೇಗ ಹತ್ತಿ ಅಕ್ಕಾ, ಎನ್.ಆರ್.ಪುರದಲ್ಲಿ ಟೀಗೂ ನಿಲ್ಸದೆ ಬಂದಿದೀವಿ” ಎಂದ. ಒಳಗಿನಿಂದ ಯಾರೋ, “ಟೀ ಹೋದ್ರೆ ಹೋಗ್ಲಿ, ಅಜ್ಜಿಗೆ ದರ್ಶನ ಆಗ್ಬೇಕು ನೋಡಿ” ಎಂದರು. ಇಡೀ ಬಸ್ಸಿಗೆ ಸುದ್ದಿ ಗೊತ್ತಿತ್ತು. ಒಂದು ಬಸ್ಸು ತುಂಬ ಜನ ಚಿಕ್ಕಮ್ಮನ ಕಣ್ಣಿಗಾಗಿ ಟೀ ಬಿಟ್ಟಿದ್ದರು. ಕೀಲಿಯನ್ನು ಕಣ್ಣಿಗೆ ಒತ್ತಿಕೊಂಡು ಕುಳಿತೆ.

ಶೃಂಗೇರಿಯಲ್ಲಿ ಇಳಿದು ಆಟೋ ಹಿಡಿದು ಬೇಗಾರು ಮುಟ್ಟಿದೆ. ಬಾಗಿಲು ತೆರೆಯಿತು. ಅದೇ ಕಾರಿನಲ್ಲಿ ಮತ್ತೆ ಶೃಂಗೇರಿಗೆ ಬಂದು ದೇವಸ್ಥಾನದ ಒಳಗೆ ಹೋಗುವಾಗ ದೀಪ ಹಚ್ಚಿದ್ದರು. ಚಿಕ್ಕಮ್ಮ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಏನೂ ಬೇಡಿಕೊಂಡ ಹಾಗೆ ಕಾಣಲಿಲ್ಲ, ತುಟಿ ಅಲ್ಲಾಡಲಿಲ್ಲ. ನೋಡಿದರು, ಅಷ್ಟೇ. ಆಮೇಲೆ ನಮ್ಮ ಕಡೆ ತಿರುಗಿ ಅಕ್ಕನ ಮುಖ, ನನ್ನ ಮುಖ ಹತ್ತಿರಕ್ಕೆ ಎಳೆದುಕೊಂಡು ನೋಡಿದರು.

“ನೀವಿಬ್ರೂ ಎಂತಕ್ಕೆ ಇಷ್ಟು ಮುದುಕೀರಾಗಿದೀರಿ?”

ನಗು ಬಂತು, ಅದರ ಜೊತೆಗೇ ಕಣ್ಣೀರೂ ಬಂತು. ನಾಳೆ ಏನೇ ಆಗಲಿ, ನಮ್ಮ ಮುಖಗಳು ಆ ಕಣ್ಣೊಳಗೆ ಹೋಗಿ ಕುಳಿತವು. ಅದಕ್ಕೆ ದಾರಿ ಮಾಡಿಕೊಟ್ಟ ಶಿವಮೊಗ್ಗದ ಆ ಹೆಣ್ಣುಮಗಳ ಮುಖವನ್ನು ಮಾತ್ರ ನಾವು ಯಾರೂ ನೋಡಿಲ್ಲ. ದೇವರು ಕಾಣದ ಹಾಗಿದ್ದು ಕೆಲಸ ಮಾಡುತ್ತಾನೆ ಎಂದು ಹರಿಕಥೆಯಲ್ಲಿ ಕೇಳಿ ತಲೆದೂಗಿದ್ದೇನೆ. ಕಾಂಪೌಂಡಿನ ಪಕ್ಕ ಕಾರು ನಿಲ್ಲಿಸಿ ಒಳಗೆ ಹೋಗುತ್ತಾನೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಅವರು ಮಂಗಳೂರಿನ ದಾರಿ ಹಿಡಿಯುವ ಮುಂಚೆ ಚಿಕ್ಕಮ್ಮ ಕಿಟಕಿಯಿಂದ ನನ್ನನ್ನು ಕರೆದರು. “ವಾಪಸ್ ಹೋಗುವಾಗ ಕಾರು ಖಾಲಿ ಕೊಡ್ಬೇಡಿ ಮತ್ತೆ.” ಬೇರೆಯವರ ಮನೆಯ ಪಾತ್ರೆಯನ್ನು ನಾವು ಬರಿದಾಗಿ ಹಿಂದಿರುಗಿಸಿದವರಲ್ಲ. ಪಾತ್ರೆಯಾದರೆ ಅಳತೆ ಗೊತ್ತು, ಕಾರಿಗೆ ಎಷ್ಟು ತುಂಬುವುದು? ಬಸ್ಸಿನಲ್ಲಿ ಕೊಪ್ಪದವರೆಗೂ ಇದನ್ನೇ ಯೋಚಿಸುತ್ತ ಬಂದೆ. ಮನೆಗೆ ಬಂದು ಕಾಲು ತೊಳೆದವಳು, ಅಟ್ಟದಿಂದ ಹಲಸಿನ ಹಪ್ಪಳದ ಡಬ್ಬಿ ಇಳಿಸಿ, ಮುರಿಯದೆ ಉಳಿದವನ್ನು ಆರಿಸುತ್ತ ಕುಳಿತೆ.