ಅತ್ತೆ ರುಚಿ ನೋಡಿದ ಮಣ್ಣು

ಸಂಜಯನಗರದಲ್ಲಿ ಸಾವಯವ ಪದಾರ್ಥ ಮಾರುವ ಒಂದು ಅಂಗಡಿಯಿದೆ. ಅಲ್ಲಿಗೆ ಕಾಲಿಟ್ಟರೆ ನನಗೆ ಮೈ ಉರಿಯುತ್ತದೆ. ರಾಗಿಯನ್ನು ಗಾಜಿನ ಭರಣಿಯಲ್ಲಿಟ್ಟು, ಅದರ ಕೊರಳಿಗೆ ಸೆಣಬಿನ ದಾರ ಕಟ್ಟಿರುತ್ತಾರೆ. ಕಳೆದ ವರ್ಷ ಒಂದು ಭಾನುವಾರ ಅವರು ಹಳೆಯ ಕಾಲದ ಉಪ್ಪಿನ ಬಗ್ಗೆ ಕಾರ್ಯಕ್ರಮ ಇಟ್ಟುಕೊಂಡರು. ಮಣ್ಣಿನಿಂದ ಉಪ್ಪು ತೆಗೆಯುವುದನ್ನು ಕಣ್ಣಾರೆ ಕಂಡವರು ಬೇಕಾಗಿತ್ತು. ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಕಂಡಿದ್ದರು. ಕರೆತರುತ್ತೇನೆಂದು ಹಲ್ಲು ಕಿರಿದು ಒಪ್ಪಿಕೊಂಡವನು ನಾನೇ.

ಬಾಗಿಲ ಬಳಿಯ ಹಲಗೆಗೆ ಆ ಕೆಲಸದವರ ಹಳೆಯ ಹೆಸರುಗಳನ್ನು ಬರೆದುಕೊಡಿ ಎಂದರು. ಉಪ್ಪಾರರು, ಕೆಲವು ಕಡೆ ಉಪ್ಪಲಿಗರು, ಹೆಂಗಸಾದರೆ ಉಪ್ಪಾರಗಿತ್ತಿ ಎಂದು ಬರೆದೆ. ಅಂಗಡಿಯಾಕೆ ಮುಖ ಸಿಂಡರಿಸಿದಳು.

"ಜಾತಿ ಥರ ಕೇಳ್ಸುತ್ತೆ ಸರ್. ಸಾಲ್ಟ್ ಆರ್ಟಿಸನ್ ಅಂತ ಹಾಕೋಣ್ವಾ?"

ನಮ್ಮ ಮನೆಯವರನ್ನು ಊರು ಕರೆದ ಹೆಸರು ಅದು. ನಾನು "ಹಾಕಿ ಹಾಕಿ" ಎಂದೆ. ಥೂ, ನನ್ನ ಜನ್ಮಕ್ಕಿಷ್ಟು.

ಮಣ್ಣನ್ನು ಅತ್ತೆ ಹುಟ್ಟಿದ ಊರಿಂದಲೇ ತರುತ್ತೇನೆಂದು ಜಂಬ ಕೊಚ್ಚಿದ್ದೆ. ಹೋಗಿ ನೋಡಿದರೆ ಯಲಹಂಕದಾಚೆ ಅವರ ಮನೆಯವರು ಮಣ್ಣು ಕೆರೆಯುತ್ತಿದ್ದ ಹೊಲ ಲೇಔಟ್ ಆಗಿತ್ತು, ಗೇಟಿನಲ್ಲಿ ಸೆಕ್ಯುರಿಟಿಯವನು ಒಳಗೆ ಬಿಡಲಿಲ್ಲ. ವಾಪಸ್ ಬರುವಾಗ ಹೆಬ್ಬಾಳದ ರಾಜಕಾಲುವೆಯ ದಂಡೆಯಲ್ಲಿ ಬೆಳ್ಳಗೆ ಪೊರೆಗಟ್ಟಿದ ಮಣ್ಣು ಕಂಡಿತು. ಉಪ್ಪಿನ ಸೌಳು ಮಣ್ಣೂ ಹಾಗೇ ಇರುತ್ತದೆಂದು ಕೇಳಿದ್ದೆ. ಮೂಗು ಮುಚ್ಚಿಕೊಂಡು ಒಂದು ಚೀಲ ಕೆರೆದು ತಂದು, ನಾತ ಹೋಗುವವರೆಗೆ ಬಿಸಿಲಿಗೆ ಹಾಕಿದೆ. ನೀರಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿ ತೋರಿಸುವುದಷ್ಟೇ ತಾನೇ, ತಿನ್ನುವವರು ಯಾರು ಎಂದುಕೊಂಡೆ.

ಭಾನುವಾರ ಅತ್ತೆ ಪೆಟ್ಟಿಗೆಯ ಸೀರೆ ಉಟ್ಟು ಬಂದರು.

"ನಮ್ಮೂರ್ ಮಣ್ಣಾ ಮಗಾ?"

"ಹೂಂ ಅತ್ತೆ."

ಅವರು ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲೆ ಹಾಕಿಕೊಂಡುಬಿಟ್ಟರು. ನಮ್ಮ ಮನೆಯಲ್ಲಿ ಹಿಂದೆ ಹೆಂಗಸರೇ ಹೀಗೆ ರುಚಿ ನೋಡಿ, ಯಾವ ಮಣ್ಣು ಕೆರೆಯಬೇಕೆಂದು ಹೇಳುತ್ತಿದ್ದರಂತೆ. ಅತ್ತೆಗೆ ಚಿಕ್ಕಂದಿನಲ್ಲೇ ಅವರವ್ವ, ಅಂದರೆ ನನ್ನಜ್ಜಿ, ಅದನ್ನು ಕಲಿಸಿದ್ದರು. ಬಾಯಿಗಿಟ್ಟ ಉಪ್ಪುಮಣ್ಣನ್ನು ಉಗುಳಬಾರದು ಎಂಬುದನ್ನೂ ಕಲಿಸಿದ್ದರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಅತ್ತೆ ಮುಖ ಕಿವುಚಿದರು. ಕಣ್ಣು ಮುಚ್ಚಿ, ಕಷ್ಟಪಟ್ಟು ಗಂಟಲೊಳಗೆ ಇಳಿಸಿದರು. ಅರ್ಧ ಊರಿನ ಕಕ್ಕಸು ಹರಿಯುವ ಕಾಲುವೆಯ ಮಣ್ಣನ್ನು ಎಂಬತ್ತು ದಾಟಿದ ಜೀವ ನುಂಗಿತು. ಸುತ್ತ ನಿಂತವರು ಮೊಬೈಲ್ ಎತ್ತಿ ವಿಡಿಯೊ ಮಾಡಿಕೊಂಡರು. ಯಾರೋ "ಸೋ ಅಥೆಂಟಿಕ್!" ಎಂದರು. ನಾನು ಒಂದು ಲೋಟ ನೀರೂ ಕೊಡಲಿಲ್ಲ, ಕೊಟ್ಟರೆ ಎಲ್ಲಿ ಗುಟ್ಟು ರಟ್ಟಾಗುತ್ತದೋ ಎಂಬ ಭಯ.

ಆಟೊದಲ್ಲಿ ಆರ್.ಟಿ. ನಗರ ಮುಟ್ಟುವವರೆಗೂ ಅತ್ತೆ ಸೆರಗಿನಿಂದ ನಾಲಿಗೆ ಒರೆಸಿಕೊಳ್ಳುತ್ತಲೇ ಇದ್ದರು. ಮನೆ ಮುಂದೆ ಇಳಿದಾಗ ಅವರ ಕಣ್ಣಲ್ಲಿ ನೀರಿತ್ತು.

"ನಮ್ಮೂರ್ ಮಣ್ಣು ಇಂಗಿರಾಕಿಲ್ಲ ಕಣೋ. ನನ್ ನಾಲ್ಗೇನೇ ಸತ್ತೋಗೈತೆ. ನಮ್ಮವ್ವ ಕೆರೀತಿದ್ದ ಮಣ್ಣು, ನಂಗೆ ಮೋರಿ ಥರ ಅನ್ನಿಸ್ತಲ್ಲೋ! ಇನ್ ನಾನೆಂಥ ಉಪ್ಪಾರಗಿತ್ತಿ, ಬುಡು."

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅವರ ನಾಲಿಗೆ ಒಂದೇ ಚಿಟಿಕೆಗೆ ಸರಿಯಾಗಿ ಹೇಳಿತ್ತು. ನಾನು ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸುತ್ತಾ, "ವಯಸ್ಸಾಯ್ತಲ್ಲ ಅತ್ತೆ, ಹಂಗೇ ಆಗುತ್ತೆ" ಎಂದೆ.