ಬೆಳಗ್ಗೆ ಏನ್ ತಿಂದ್ರಿ, ಸಾರ್?

ಚೌಡಪ್ಪ ಮೇಷ್ಟ್ರು ತೆಗೆದ ಫೋಟೋಗಳಲ್ಲಿ ಯಾರ ಬಾಯಿಯೂ ಪೂರ್ತಿ ಮುಚ್ಚಿರುವುದಿಲ್ಲ. ‘ನಗಿ’ ಎಂದರೆ ಜನ ಹಲ್ಲುನೋವು ಬಂದವರ ಹಾಗೆ ಮುಖ ಮಾಡುತ್ತಾರೆ ಎಂಬುದು ಅವರ ದೂರು. ಅದಕ್ಕೇ, ಕೊರಳಿಗೆ ನೇತುಹಾಕಿಕೊಂಡ ಡಬ್ಬಿ ಕ್ಯಾಮೆರಾದೊಳಗೆ ತಲೆ ಬಗ್ಗಿಸಿ ನೋಡುತ್ತಾ ಇದ್ದಕ್ಕಿದ್ದಂತೆ, “ಬೆಳಗ್ಗೆ ಏನ್ ತಿಂದ್ರಿ?” ಎಂದು ಕೇಳಿಬಿಡುತ್ತಿದ್ದರು. ಎದುರಿನವರು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕ್ಲಿಕ್! ಹೀಗಾಗಿ ನಮ್ಮ ಶಾಲೆಯ ಅರ್ಧ ಜನ ಉಪ್ಪಿಟ್ಟು ಎನ್ನುತ್ತಲೂ ಮಿಕ್ಕವರು ಇಡ್ಲಿ ಎನ್ನುತ್ತಲೂ ಚಿತ್ರಗಳಲ್ಲಿ ಉಳಿದುಬಿಟ್ಟಿದ್ದಾರೆ.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದ ಶಾಲೆಯೊಂದರಲ್ಲಿ ನಾನು ಕನ್ನಡ ಹೇಳಿಕೊಡುತ್ತಿದ್ದೆ, ಅವರು ಡ್ರಾಯಿಂಗ್. ಸಾರಕ್ಕಿಯ ಬೇಸಾಯದ ಮನೆತನ. ಕಚ್ಚೆಪಂಚೆ, ಕರಿಕೋಟು, ಕೋಟಿನ ತುಂಬ ಸೀಮೆಸುಣ್ಣದ ಪುಡಿ. ಸೈಕಲ್ ಹ್ಯಾಂಡಲಿಗೆ ದಿನವೂ ಸೊಪ್ಪಿನ ಕಟ್ಟು ಸಿಕ್ಕಿಸಿಕೊಂಡು ಬಂದು, ಕೇಳಲಿ ಬಿಡಲಿ, ಒಬ್ಬೊಬ್ಬರ ಕೈಗೂ ಹಾಕುತ್ತಿದ್ದರು.

ಅವರದು ಇನ್ನೊಂದು ಹಠ. ಒಂದು ರೋಲಿಗೆ ಹನ್ನೆರಡು ಫೋಟೋ. ಹನ್ನೊಂದನ್ನು ತೆಗೆದು ಕ್ಯಾಮೆರಾ ಮುಚ್ಚಿಬಿಡುತ್ತಿದ್ದರು. “ಹನ್ನೆರಡನೇದು ಇನ್ನೂ ಬರದೇ ಇರೋರಿಗೆ” ಎನ್ನುವರು. ರೋಲು ಮುಗಿಯದೆ ತೊಳೆಯಲು ಕೊಡುವಂತಿಲ್ಲ. ನಾವು ವಾರಗಟ್ಟಲೆ ಕಾದು ಬೈದುಕೊಳ್ಳುತ್ತಿದ್ದೆವು. ಒಮ್ಮೆ ಹೆಡ್‌ಮಾಸ್ಟರೇ ಗುಂಪಿನ ಫೋಟೋ ಇನ್ನೊಂದು ತೆಗೆಯಿರಿ ಎಂದು ಗೋಗರೆದರೂ ಜಗ್ಗಲಿಲ್ಲ. ಗುಂಪೆಲ್ಲ ಚದುರಿದ ಮೇಲೆ, ಗಂಟೆ ಹೊಡೆಯುವ ಮುನಿಯಮ್ಮ ರಜೆ ಮುಗಿಸಿ ಮಗಳ ಬಾಣಂತನದಿಂದ ಹಿಂದಿರುಗಿದಾಗ, ಅವಳನ್ನು ಗಂಟೆಯ ಕೆಳಗೆ ನಿಲ್ಲಿಸಿ ಆ ಹನ್ನೆರಡನೆಯದನ್ನು ತೆಗೆದರು.

ನನಗೂ ಗಣಿತದ ಮೇಷ್ಟ್ರು ಮುನಿರಾಜುವಿಗೂ ಮದುವೆಯಾಗುವುದೆಂದು ನಿಶ್ಚಯವಾದಾಗ ಮೊದಲು ಕುಣಿದಾಡಿದವರು ಇವರೇ. ಮುನಿರಾಜು ಜರಗನಹಳ್ಳಿಯ ಒಕ್ಕಲಿಗರ ಹುಡುಗ, ನಾನು ಬ್ರಾಹ್ಮಣರ ಮನೆಯವಳು. ರಿಜಿಸ್ಟರ್ ಮದುವೆಗೆ ಒಂದು ತಿಂಗಳು ಮೊದಲೇ ನೋಟಿಸು ಕೊಡಬೇಕು. ಕೊಟ್ಟ ದಿನದಿಂದ ನಮ್ಮಪ್ಪ ಮಾತು ಬಿಟ್ಟರು. ಅಮ್ಮ ಇಲ್ಲದ ಮನೆ, ಇರುವವರೇ ಇಬ್ಬರು. ಮದುವೆಯ ಬೆಳಗ್ಗೆ ಉಪ್ಪಿಟ್ಟು ಮಾಡಿ, ತಟ್ಟೆ ಮುಚ್ಚಿಟ್ಟು, “ಹೋಗಿಬರ್ತೀನಿ ಅಪ್ಪ” ಎಂದೆ. ಅಪ್ಪ ಮುಖಕ್ಕೆ ಅಡ್ಡ ಹಿಡಿದಿದ್ದ ಪೇಪರು ಅಲುಗಲಿಲ್ಲ.

ಕಚೇರಿಯಲ್ಲಿ ಚೌಡಪ್ಪ ಮೇಷ್ಟ್ರದೇ ದರ್ಬಾರು. ಸಾಕ್ಷಿ ರುಜು ಹಾಕುವಾಗಲೂ ಕ್ಯಾಮೆರಾ ಕೊರಳಲ್ಲೇ. ಗಂಭೀರವಾಗಿ ಕೂತಿದ್ದ ರಿಜಿಸ್ಟ್ರಾರರನ್ನೂ ಬಿಡಲಿಲ್ಲ. “ಬೆಳಗ್ಗೆ ಏನ್ ತಿಂದ್ರಿ, ಸಾರ್?”

“ದೋಸೆ. ಯಾಕ್ರೀ?”

ಕ್ಲಿಕ್. ಗುಮಾಸ್ತರೆಲ್ಲ ನಕ್ಕರು, ಕೊನೆಗೆ ರಿಜಿಸ್ಟ್ರಾರರೂ ನಕ್ಕರು. ನಾನೂ ನಗುತ್ತಿದ್ದೆ, ಆದರೆ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು. ಅಪ್ಪ ಬರಲಿಲ್ಲ.

ಹನ್ನೊಂದು ಮುಗಿಯಿತು. “ಇನ್ನೊಂದು ನಮ್ಮಿಬ್ಬರದೇ ತೆಗೀರಿ, ಮೇಷ್ಟ್ರೇ” ಎಂದೆ. “ಅದು ಮಾತ್ರ ಕೇಳ್ಬೇಡಿ, ಶಾರದಮ್ಮ. ನಡೀರಿ, ಬಸ್ಸಿಗೆ ಹೊತ್ತಾಯ್ತು” ಎಂದು ಹೊರಟೇಬಿಟ್ಟರು.

ಹೋಟೆಲಿಗೆ ಕರೆದೊಯ್ಯುತ್ತಾರೆ ಎಂದುಕೊಂಡಿದ್ದರೆ, ಹಾರ ಹಾಕಿಕೊಂಡಿದ್ದ ನಮ್ಮನ್ನು ತಂದು ನಿಲ್ಲಿಸಿದ್ದು ನಮ್ಮ ಮನೆಯ ಗೇಟಿನ ಮುಂದೆ! ಮುನಿರಾಜು ಬೆವರುತ್ತಿದ್ದ. ಮೇಷ್ಟ್ರು ನಾಲ್ಕು ಹೆಜ್ಜೆ ಹಿಂದೆ ಸರಿದು, ಕ್ಯಾಮೆರಾದೊಳಗೆ ತಲೆ ಬಗ್ಗಿಸಿ, “ಸಾರ್!” ಎಂದು ಕೂಗಿದರು. ಅಪ್ಪ ಹೊರಗೆ ಬಂದು, ನಮ್ಮನ್ನು ನೋಡಿ, ಗೇಟಿನ ಒಳಗೇ ನಿಂತರು.

“ಬೆಳಗ್ಗೆ ಏನ್ ತಿಂದ್ರಿ, ಸಾರ್?”

“ಏನೂ ತಿಂದಿಲ್ಲಪ್ಪ” ಎಂದರು ಅಪ್ಪ.

ಕ್ಲಿಕ್.

ಮೇಷ್ಟ್ರು ಕ್ಯಾಮೆರಾದಿಂದ ತಲೆ ಎತ್ತಲಿಲ್ಲ. ಅಪ್ಪನೇ ಗೇಟಿನ ಚಿಲಕ ತೆಗೆದು, ತಿಂಗಳ ನಂತರ ಮೊದಲ ಬಾರಿಗೆ ನನ್ನ ಮುಖ ನೋಡಿ, “ಉಪ್ಪಿಟ್ಟು ಆರಿಹೋಗಿದೆ ಕಣೇ. ಬಿಸಿ ಮಾಡು. ಇವರಿಗೂ ಹಾಕು” ಎಂದರು. ನಾನು ಹಾರದಲ್ಲೇ ಒಲೆ ಹಚ್ಚಿದೆ. ಅಷ್ಟು ಅತ್ತಿದ್ದೂ ಅಷ್ಟು ನಕ್ಕಿದ್ದೂ ಅವತ್ತೇ. ಉಪ್ಪಿಟ್ಟು ನಾಲ್ಕು ಜನಕ್ಕೆ ಸಾಲದೆ, ಮೇಷ್ಟ್ರು ತಂದಿದ್ದ ದಂಟಿನಸೊಪ್ಪು ಮಧ್ಯಾಹ್ನದ ಹುಳಿಗೆ ಬಿತ್ತು. ಬೆಳಗ್ಗೆಯಿಂದ ಕೈಚೀಲದಲ್ಲಿ ಅದನ್ನೂ ಮದುವೆಗೆ ಹೊತ್ತು ತಿರುಗಿದ್ದರು, ಪುಣ್ಯಾತ್ಮ.

ಅವರು ರಿಟೈರಾದ ದಿನ ನಾನು ಆ ಕ್ಯಾಮೆರಾ ಕಿತ್ತುಕೊಂಡೆ. ಎಲ್ಲರ ಫೋಟೋ ತೆಗೆದವರದೇ ಒಂದು ಫೋಟೋ ಇರಲಿಲ್ಲ, ರೋಲಿನಲ್ಲಿ ಹನ್ನೆರಡನೆಯದು ಬಾಕಿಯಿತ್ತು. “ಬೆಳಗ್ಗೆ ಏನ್ ತಿಂದ್ರಿ, ಮೇಷ್ಟ್ರೇ?” ಎಂದೆ. ಮಹರಾಯರಿಗೆ ಉಪಾಯ ಗೊತ್ತಲ್ಲ! ತುಟಿ ಬಿಗಿಯಾಗಿ ಮುಚ್ಚಿ, ಕಣ್ಣಲ್ಲೇ ನಗುತ್ತಾ ನಿಂತರು.

ಅದೇ ನಮ್ಮ ಕೊನೆಯ ಭೇಟಿ. ಆ ಫೋಟೋ ನಮ್ಮ ನಡುಮನೆಯಲ್ಲಿ ಅಂದು ಗೇಟಿನಲ್ಲಿ ತೆಗೆದ ಅಪ್ಪನ ಫೋಟೋದ ಪಕ್ಕದಲ್ಲಿದೆ. ಅಪ್ಪ ಏನೂ ತಿಂದಿರಲಿಲ್ಲ ಎಂದು ಗೊತ್ತು. ಚೌಡಪ್ಪ ಮೇಷ್ಟ್ರು ಅವತ್ತು ಏನು ತಿಂದಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ.